ಗಳಗಂಡವೂ ಅಯೋಡಿನ್ ಉಪ್ಪೂ

ಮನುಷ್ಯದೇಹವು ಪಂಚಭೂತಗಳಿಂದಾದುದೆಂದು ನಮ್ಮ ಪೂರ್ವಿಕರು ಹೇಳಿದರು. ಈಚಿನ ರಸಾಯನಶಾಸ್ತ್ರಜ್ಞರು ಅದೇ ದೇಹವನ್ನು ಮೂಲವಸ್ತುಗಳಾಗಿ ವಿಂಗಡಿಸಿ, ಪೃಥ್ವಿಯ ಅಂಶವೆಂದು ಹಿಂದಿನವರು ಕರೆದುದರೊಳಗೆ ಏನೇನು ಅಡಗಿದೆಯೆಂಬುದನ್ನು ತೂಕಮಾಡಿ ತೋರಿಸಿದ್ದಾರೆ. ಎಲುಬಿಗೆ ಸುಣ್ಣದ ಧಾತುವೂ ರಂಜಕವೂ ಬೇಕು. ರಕ್ತಕ್ಕೆ ಕಬ್ಬಿಣ ಬೇಕು. ದೇಹದ ದ್ರವಗಳಿಗೆ ಉಪ್ಪು ಬೇಕು. ವಯಸ್ಕನೊಬ್ಬನ ದೇಹದಲ್ಲಿ ಸುಣ್ಣದ ಧಾತುವೇ ಸುಮಾರು 1 ಕಿಲೋಗ್ರಾಮಿನಷ್ಟಿರುತ್ತದೆ. ಕಬ್ಬಿಣವು 3ರಿಂದ 4 ಗ್ರಾಮಿನಷ್ಟಿರುತ್ತದೆ. ಇವುಗಳ ಸಾಲಿನ ತುದಿಯಲ್ಲಿ ನಿಲ್ಲುವ ಅಯೋಡಿನ್ ಎಂಬ ವಸ್ತುವಾದರೋ ಇಡೀ ದೇಹದಲ್ಲಿ 15ರಿಂದ 20 ಮಿಲಿಗ್ರಾಮ್ ಮಾತ್ರ. ವಯಸ್ಕನಿಗೆ ಇದು ದಿನವೊಂದಕ್ಕೆ ಬೇಕಾಗುವುದು 150 ಮೈಕ್ರೋಗ್ರಾಮ್, ಎಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲುಗಳಲ್ಲಿ ನೂರೈವತ್ತು ಪಾಲು. 70 ವರ್ಷ ಬಾಳಿದವನು ತನ್ನ ಜೀವಮಾನದಲ್ಲೆಲ್ಲಾ ಸೇವಿಸಬೇಕಾದ ಅಯೋಡಿನನ್ನು ಒಂದೆಡೆ ಕೂಡಿಹಾಕಿದರೆ ಅದು 4 ಗ್ರಾಮ್ ತುಂಬುವುದಿಲ್ಲ. ಹಳೆಯ ಲೆಕ್ಕದಲ್ಲಿ ತೊಲದ ಮೂರನೆಯ ಒಂದು ಪಾಲು.

ಇಷ್ಟು ಅಲ್ಪವಾದ ವಸ್ತುವಿನ ಅಭಾವದಿಂದ ಕಣಿವೆಗೆ ಕಣಿವೆಯೇ ಕುತ್ತಿಗೆಯುಬ್ಬಿ, ಎಷ್ಟೋ ಮಕ್ಕಳು ಬುದ್ಧಿಮಾಂದ್ಯರೂ ಕಿವುಡುಮೂಕರೂ ಆಗಿ ಹುಟ್ಟಿದುದು ಚರಿತ್ರೆಯ ಒಂದು ಶೋಕದ ಸಂಗತಿ. ಅದಕ್ಕಿಂತಲೂ ಆಶ್ಚರ್ಯಕರವಾದ ಇನ್ನೊಂದು ಸಂಗತಿಯುಂಟು. ಈ ವ್ಯಾಧಿಗೆ ಅಯೋಡಿನ್ ಔಷಧವೆಂದು 1820ರಲ್ಲಿಯೇ ಬಹಿರಂಗವಾಗಿ ಸಾರಲ್ಪಟ್ಟಿತು. ಅದನ್ನು ಊಟದ ಉಪ್ಪಿನಲ್ಲಿ ಸೇರಿಸಿ ಜನರಿಗೆ ಹಂಚಬಹುದೆಂಬ ಸಲಹೆಯೂ 1833ರಲ್ಲಿಯೇ ಹೊರಟಿತು. ಆದರೂ ಒಂದು ದೇಶದ ಸರ್ಕಾರವು ಅಂಥ ಉಪ್ಪನ್ನು ಪ್ರಜೆಗಳಿಗೆ ಮಾರಲು ಅಪ್ಪಣೆಕೊಟ್ಟುದು 1922ರಲ್ಲಿ. ಔಷಧವು ಕೈಯಲ್ಲಿದ್ದೂ ನೂರು ವರ್ಷಗಳು ವ್ಯರ್ಥವಾದುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಭಾಷಣದ ಉದ್ದೇಶ.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯೋಣ. ಕುತ್ತಿಗೆಯ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಚಿಟ್ಟೆಯ ರೆಕ್ಕೆಗಳಂತೆ ಎರಡು ಪಕ್ಕಕ್ಕೂ ಹರಡಿಕೊಂಡಿರುವ ಗ್ರಂಥಿಯೊಂದುಂಟು. ಇದಕ್ಕೆ ಥೈರಾಯಿಡ್ ಎಂದು ಹೆಸರು. ರಕ್ತದಲ್ಲಿ ಹರಿದುಬರುವ ಅಯೋಡಿನನ್ನು ಈ ಗ್ರಂಥಿಯು ಹೆಕ್ಕಿ ತೆಗೆದುಕೊಂಡು, ಅದರಿಂದ ಒಂದು ರಸವನ್ನು ಸಿದ್ಧಪಡಿಸಿ ರಕ್ತಕ್ಕೆ ಹಿಂದಿರುಗಿಸುತ್ತದೆ. ದೇಹವು ಆಹಾರವನ್ನು ಶಾಖವಾಗಿಯೂ ಶಕ್ತಿಯಾಗಿಯೂ ಮಾರ್ಪಡಿಸುವ ವೇಗ, ಮಕ್ಕಳ ಬೆಳವಣಿಗೆ, ಗರ್ಭಸ್ಥ ಶಿಶುವಿನ ಮಿದುಳಿನ ರಚನೆ, ಇವೆಲ್ಲವೂ ಆ ರಸಕ್ಕೆ ಅಧೀನವಾದುವು. ಆಹಾರದಲ್ಲಿ ಅಯೋಡಿನ್ ಕಡಿಮೆಯಾದರೆ, ಬರುವ ಸ್ವಲ್ಪವನ್ನೇ ಹೇಗಾದರೂ ಹಿಡಿದುಕೊಳ್ಳಬೇಕೆಂದು ಗ್ರಂಥಿಯು ತನ್ನ ಗಾತ್ರವನ್ನು ಹೆಚ್ಚಿಸಿಕೊಳ್ಳುತ್ತದೆ. ಗಳಗಂಡವೆಂಬ ಬಾವು ಇದೇ. ಅದು ಒಂದು ರೀತಿಯಲ್ಲಿ ಬಡವನಾದ ಬೇಸಾಯಗಾರನು ಮಳೆಯಿಲ್ಲದ ವರ್ಷದಲ್ಲಿ ಇನ್ನಷ್ಟು ನೆಲವನ್ನು ಉತ್ತು ಬಿತ್ತಿದಂತೆ. ಈ ಪ್ರಯತ್ನವೂ ಸಾಲದೆ ಹೋದಾಗ, ಮುಖ್ಯವಾಗಿ ಗರ್ಭಿಣಿಯ ದೇಹದಲ್ಲಿ ಸಾಲದೆ ಹೋದಾಗ, ಅದರ ದಂಡವನ್ನು ತೆರುವುದು ಹುಟ್ಟಲಿರುವ ಮಗು. ತಾಯಿಯ ಕುತ್ತಿಗೆಯ ಬಾವನ್ನು ಮುಂದೆ ಚಿಕಿತ್ಸೆಯಿಂದ ಇಳಿಸಬಹುದು. ಆದರೆ ಗರ್ಭದಲ್ಲಿ ಕುಂಠಿತವಾದ ಮಿದುಳನ್ನು ಹುಟ್ಟಿದ ಮೇಲೆ ಪೂರ್ಣವಾಗಿ ಸರಿಪಡಿಸಲಾಗದು.

ಅಯೋಡಿನ್ ಕೆಲವು ನಾಡುಗಳಲ್ಲಿ ಮಾತ್ರ ಏಕೆ ಇಲ್ಲವಾಗುತ್ತದೆ? ಅದರ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುವ ಸ್ವಭಾವದವು. ಯುಗಯುಗಾಂತರಗಳಲ್ಲಿ ಹಿಮನದಿಗಳೂ ಪ್ರವಾಹಗಳೂ ಬಿರುಮಳೆಯೂ ಪರ್ವತಪ್ರಾಂತ್ಯಗಳ ಮೇಲ್ಮಣ್ಣನ್ನು ತೊಳೆದು ಸಮುದ್ರಕ್ಕೆ ಒಯ್ದಿವೆ. ಮಣ್ಣಿನಲ್ಲಿ ಇಲ್ಲದುದು ಪೈರಿನಲ್ಲಿ ಇರಲಾರದು. ಪೈರಿನಲ್ಲಿ ಇಲ್ಲದುದು ಹಸುವಿನ ಹಾಲಿನಲ್ಲಿಯೂ ಮನುಷ್ಯನ ರಕ್ತದಲ್ಲಿಯೂ ಇರಲಾರದು. ಆದುದರಿಂದಲೇ ಹಿಮಾಲಯ, ಆಲ್ಪ್ಸ್, ಆಂಡಿಸ್ ಎಂಬ ಮಹಾಪರ್ವತಗಳ ತಪ್ಪಲು ಈ ವ್ಯಾಧಿಗೆ ತೌರುಮನೆಯಾಯಿತು.

ವ್ಯಾಧಿಯು ಪುರಾತನವಾದುದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗಳಗಂಡದ ಲಕ್ಷಣಗಳು ಹೇಳಲ್ಪಟ್ಟಿವೆ. ಆಲ್ಪ್ಸ್ ನಿವಾಸಿಗಳ ಉಬ್ಬಿದ ಕುತ್ತಿಗೆಗಳನ್ನು ರೋಮನ್ ಲೇಖಕರು ಪ್ರಸ್ತಾಪಿಸಿದ್ದಾರೆ. 16ನೆಯ ಶತಮಾನದಲ್ಲಿ ಪಾರಾಸೆಲ್ಸಸ್ ಎಂಬ ವೈದ್ಯನು ಗಳಗಂಡಕ್ಕೂ ಅದೇ ಪ್ರಾಂತ್ಯಗಳಲ್ಲಿ ಕಾಣುತ್ತಿದ್ದ ಬುದ್ಧಿಮಾಂದ್ಯತೆಗೂ ಸಂಬಂಧವಿರಬೇಕೆಂದು ಊಹಿಸಿದನು. ಗಿಡ್ಡಾದ ದೇಹ, ದಪ್ಪ ನಾಲಗೆ, ಮಂಕಾದ ದೃಷ್ಟಿ, ಕಿವುಡು ಇವುಗಳಿಂದ ಕೂಡಿದ ಆ ಸ್ಥಿತಿಯನ್ನು ಯೂರೋಪಿನವರು ಕ್ರೆಟಿನಿಸಮ್ ಎಂದು ಕರೆದರು. ನೆಪೋಲಿಯನ್ನನ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದಲ್ಲಿ ಎಣಿಕೆ ನಡೆದಾಗ, ಸುಮಾರು 70,000 ಮಂದಿ ನಿವಾಸಿಗಳಲ್ಲಿ ಸುಮಾರು 4,000 ಮಂದಿ ಈ ಸ್ಥಿತಿಯಲ್ಲಿದ್ದರೆಂದು ತಿಳಿದುಬಂದಿತು. ಇಂಥ ಮಗುವು ಹುಟ್ಟದ ಮನೆತನವೇ ವಿರಳವಾಗಿದ್ದ ಹಳ್ಳಿಗಳು ಅಲ್ಲಿದ್ದುವೆಂದ ಮೇಲೆ ಆ ಜನರ ಸಂಕಟವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಕಾರಣವು ತಿಳಿಯದಿದ್ದರೂ ಮದ್ದು ಕೆಲವೆಡೆ ತಿಳಿದಿತ್ತು. ಚೀನಾದ ವೈದ್ಯರು ಗಳಗಂಡಕ್ಕೆ ಕಡಲಪಾಚಿಯನ್ನು ಕೊಡುತ್ತಿದ್ದರು. ಮಧ್ಯಯುಗದ ಯೂರೋಪಿನಲ್ಲಿ ಸಮುದ್ರದ ಸ್ಪಂಜನ್ನು ಸುಟ್ಟು ಅದರ ಬೂದಿಯನ್ನು ಸೇವಿಸುವ ಪದ್ಧತಿಯಿದ್ದಿತು. ಕೆಲವರಿಗೆ ಗುಣವಾಗುತ್ತಿತ್ತು, ಏಕೆ ಗುಣವಾಗುತ್ತದೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಆ ಬೂದಿಯ ಗುಟ್ಟು ಬಯಲಾದುದು ವೈದ್ಯಶಾಲೆಯಲ್ಲಿ ಅಲ್ಲ, ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಿ. ನೆಪೋಲಿಯನ್ನನ ಯುದ್ಧಗಳಿಗೆ ಕೋವಿಮದ್ದು ಬೇಕು. ಕೋವಿಮದ್ದಿಗೆ ಪೆಟ್ಲುಪ್ಪು ಬೇಕು. ಪೆಟ್ಲುಪ್ಪಿನ ತಯಾರಿಕೆಗೆ ಬೇಕಾದ ಕ್ಷಾರಕ್ಕಾಗಿ ಫ್ರಾನ್ಸಿನ ಸಮುದ್ರತೀರದ ಕಡಲಪಾಚಿಯನ್ನು ಸುಟ್ಟ ಬೂದಿಯನ್ನು ಉಪಯೋಗಿಸುತ್ತಿದ್ದರು. 1811ರಲ್ಲಿ ಪ್ಯಾರಿಸಿನಲ್ಲಿ ಪೆಟ್ಲುಪ್ಪನ್ನು ತಯಾರಿಸುತ್ತಿದ್ದ ಬೆರ್ನಾರ್ ಕೂರ್ತ್ವಾ ಎಂಬಾತನು ಈ ಬೂದಿಯ ದ್ರಾವಣಕ್ಕೆ ಗಂಧಕಾಮ್ಲವನ್ನು ಅಧಿಕವಾಗಿ ಹಾಕಿದಾಗ, ಸೊಗಸಾದ ನೇರಳೆ ಬಣ್ಣದ ಹಬೆಯು ಮೇಲೆದ್ದು, ತಣ್ಣಗಿನ ಪಾತ್ರೆಗಳ ಮೇಲೆ ಲೋಹದಂತೆ ಹೊಳೆಯುವ ಕಪ್ಪು ಹರಳುಗಳಾಗಿ ಕುಳಿತುಕೊಂಡಿತು. ಅದು ಹೊಸದೊಂದು ಮೂಲವಸ್ತುವೆಂಬುದನ್ನು 1813ರಲ್ಲಿ ಗೇ-ಲುಸಾಕನೂ, ಆಗ ಪ್ಯಾರಿಸಿಗೆ ಬಂದಿದ್ದ ಇಂಗ್ಲೆಂಡಿನ ಹಂಫ್ರಿ ಡೇವಿಯೂ ಸ್ಥಾಪಿಸಿದರು. ನೇರಳೆಯೆಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರು ಬಂದಿತು. ಕಂಡುಹಿಡಿದ ಕೂರ್ತ್ವಾನಿಗೆ ಅದರಿಂದ ಐಶ್ವರ್ಯವೇನೂ ದೊರೆಯಲಿಲ್ಲ. ಅವನು 1838ರಲ್ಲಿ ಬಡತನದಲ್ಲಿಯೇ ಕಾಲವಾದನು.

1819ರಲ್ಲಿ ಎಡಿನ್‌ಬರೋ ನಗರದ ಆಂಡ್ರ್ಯೂ ಫೈಫ್ ಎಂಬಾತನು ಸ್ಪಂಜಿನಲ್ಲಿ ಅಯೋಡಿನ್ ಇರುವುದನ್ನು ತೋರಿಸಿಕೊಟ್ಟನು. ಜಿನೀವಾ ನಗರದ ವೈದ್ಯನಾದ ಜ್ಯಾಂ ಫ್ರಾಂಸ್ವಾ ಕ್ವಾಂದೆಗೆ ಕೂಡಲೆ ಒಂದು ಯುಕ್ತಿ ಹೊಳೆಯಿತು. ಸ್ಪಂಜಿನ ಬೂದಿಯಿಂದ ಗಳಗಂಡವು ಇಳಿಯುವುದಾದರೆ, ಇಳಿಸುವ ವಸ್ತುವು ಅಯೋಡಿನೇ ಏಕಾಗಿರಬಾರದು? ಅವನು ಅಯೋಡಿನನ್ನು ಮದ್ಯಸಾರದಲ್ಲಿ ಕರಗಿಸಿ ರೋಗಿಗಳಿಗೆ ಹನಿಹನಿಯಾಗಿ ಕುಡಿಸಿದನು. ಕೆಲವು ವಾರಗಳಲ್ಲಿಯೇ ಬಹುಮಂದಿಯ ಬಾವು ಕುಗ್ಗಿತು. 1820ರ ಜುಲೈ ತಿಂಗಳಲ್ಲಿ ಅವನು ಇದನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳ ಸಭೆಯಲ್ಲಿ ಪ್ರಕಟಿಸಿದನು.

ಇಲ್ಲಿಗೆ ಕಥೆಯು ಸುಖವಾಗಿ ಮುಗಿಯಬೇಕಾಗಿತ್ತು. ಆದರೆ ಅನರ್ಥವು ಇಲ್ಲಿಂದಲೇ ಆರಂಭವಾಯಿತು. ಔಷಧದ ಕೀರ್ತಿ ಹರಡಿದೊಡನೆ ಜನರು ವೈದ್ಯರನ್ನು ಕೇಳದೆ ತಾವಾಗಿಯೇ ಅದನ್ನು ಕೊಂಡು ಕುಡಿಯತೊಡಗಿದರು. ಕ್ವಾಂದೆಯು ವಿಧಿಸಿದ ಪ್ರಮಾಣವೇ ಇಂದು ಅಗತ್ಯವೆಂದು ತಿಳಿದಿರುವುದರ ನೂರಾರು ಮಡಿಯಾಗಿತ್ತು. ತಾವಾಗಿ ಕುಡಿದವರಲ್ಲಿ ಅದಕ್ಕೂ ಮಿತಿಯಿರಲಿಲ್ಲ. ಅನೇಕ ವರ್ಷಗಳಿಂದ ಅಯೋಡಿನಿಗಾಗಿ ಹಸಿದಿದ್ದ ಗ್ರಂಥಿಗೆ ಒಮ್ಮೆಲೇ ಪ್ರವಾಹದಂತೆ ಅದು ಬಂದರೆ, ಕೆಲವರಲ್ಲಿ ಆ ಗ್ರಂಥಿಯು ಹತೋಟಿಮೀರಿ ರಸವನ್ನು ಸುರಿಸುತ್ತದೆ. ಎದೆ ಡವಡವನೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಎಷ್ಟು ತಿಂದರೂ ಮೈ ಸೊರಗುವುದು ಮೊದಲಾದ ಲಕ್ಷಣಗಳು ಜಿನೀವಾದ ರೋಗಿಗಳಲ್ಲಿ ಕಾಣಿಸಿಕೊಂಡುವು. ನಿನ್ನೆ ಅಮೃತವೆನಿಸಿದ್ದುದು ಇಂದು ವಿಷವೆನಿಸಿತು. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆಯನ್ನು ಆ ನಗರದವರು ಪ್ರತ್ಯಕ್ಷವಾಗಿ ಕಂಡರು. ಅದರ ಭಯವು ವೈದ್ಯಲೋಕದ ನೆನಪಿನಿಂದ ಮೂರು ತಲೆಮಾರುಗಳವರೆಗೂ ಅಳಿಸಿಹೋಗಲಿಲ್ಲ.

ಆದರೂ ಸತ್ಯದ ಸುಳಿವು ಆಗಾಗ ದೊರೆಯುತ್ತಲೇ ಇದ್ದಿತು. ಬೂಸ್ಯಾಂಗೋ ಎಂಬ ಫ್ರೆಂಚ್ ರಸಾಯನಜ್ಞನು ದಕ್ಷಿಣ ಅಮೇರಿಕದಲ್ಲಿ, ಈಗಿನ ಕೊಲಂಬಿಯ ದೇಶದ ಪರ್ವತಗಳಲ್ಲಿ, ಕೆಲಸದಲ್ಲಿದ್ದಾಗ ಒಂದು ವಿಶೇಷವನ್ನು ಗಮನಿಸಿದನು. ಆಂಟಿಯೋಕಿಯ ಎಂಬ ಪ್ರಾಂತ್ಯದ ಉಪ್ಪುಬುಗ್ಗೆಗಳಿಂದ ದೊರೆತ ಉಪ್ಪನ್ನು ತಿನ್ನುವವರಲ್ಲಿ ಗಳಗಂಡ ವಿರಳ. ಬೇರೆ ಉಪ್ಪನ್ನು ತಿನ್ನುವವರಲ್ಲಿ ಬಹಳ. ಪರೀಕ್ಷಿಸಿ ನೋಡಿದರೆ ಆ ಬುಗ್ಗೆಗಳ ಉಪ್ಪಿನಲ್ಲಿ ಅಯೋಡಿನ್ ಸ್ವಭಾವತಃ ಸೇರಿದ್ದಿತು. ಅಂಥ ಉಪ್ಪನ್ನು ಎಲ್ಲ ಕಡೆಗೂ ಒದಗಿಸಬೇಕೆಂದು ಅವನು 1833ರಲ್ಲಿ ಸೂಚಿಸಿದನು. 1850ರ ಸುಮಾರಿಗೆ ಪ್ಯಾರಿಸಿನ ಅಡೋಲ್ಫ್ ಶಾತ್ಯಾಂ ಎಂಬಾತನು ಊರೂರಿನ ನೀರನ್ನೂ ಮಣ್ಣನ್ನೂ ಆಹಾರವನ್ನೂ ಪರೀಕ್ಷಿಸಿ, ಅಯೋಡಿನ್ ಕಡಿಮೆಯಾದಲ್ಲಿ ಗಳಗಂಡವು ಹೆಚ್ಚೆಂದು ಸಾಧಿಸಹೊರಟನು. ಅವನ ಸಿದ್ಧಾಂತವನ್ನು ಫ್ರಾನ್ಸಿನ ವಿಜ್ಞಾನಪರಿಷತ್ತು ಅಂಗೀಕರಿಸಲಿಲ್ಲ. 1860ರ ದಶಕದಲ್ಲಿ ಫ್ರಾನ್ಸಿನ ಕೆಲವು ಜಿಲ್ಲೆಗಳಲ್ಲಿ ಅಯೋಡಿನ್ ಸೇರಿಸಿದ ಉಪ್ಪನ್ನೂ ಗುಳಿಗೆಗಳನ್ನೂ ಹಂಚಿದುದುಂಟು. ಗುಣ ಕಂಡುಬಂದಿತು, ಆದರೆ ಸೇರಿಸಿದ ಪ್ರಮಾಣವು ಮತ್ತೆ ಹತ್ತಾರು ಮಡಿ ಹೆಚ್ಚಾಗಿದ್ದುದರಿಂದ ಜಿನೀವಾದ ಉಪದ್ರವಗಳೇ ತಲೆದೋರಿ, ಪ್ರಯೋಗವು ನಿಂತುಹೋಯಿತು.

ಅಷ್ಟರಲ್ಲಿ ವೈದ್ಯಶಾಸ್ತ್ರದ ಗಾಳಿಯೇ ಬೇರೆ ದಿಕ್ಕಿಗೆ ತಿರುಗಿತು. ಪಾಸ್ತರ್ ಮತ್ತು ಕೋಖ್ ಎಂಬ ಮಹಾಶಯರು ಅನೇಕ ವ್ಯಾಧಿಗಳಿಗೆ ಕ್ರಿಮಿಗಳೇ ಕಾರಣವೆಂದು ತೋರಿಸಿದ ಮೇಲೆ, ಪ್ರತಿಯೊಂದು ವ್ಯಾಧಿಯಲ್ಲಿಯೂ ಒಂದು ಕ್ರಿಮಿಯನ್ನು ಹುಡುಕುವುದು ವಾಡಿಕೆಯಾಯಿತು. ವ್ಯಾಧಿಯೆಂದರೆ ಹೊರಗಿನಿಂದ ಬಂದು ಸೇರಿದ ಕೆಡುಕು ಎಂದು ನಂಬಿದ್ದವರಿಗೆ, ಏನೋ ಒಂದು ಇಲ್ಲದಿರುವುದರಿಂದಲೂ ವ್ಯಾಧಿಯುಂಟಾಗಬಹುದೆಂಬುದು ಸುಲಭವಾಗಿ ಬುದ್ಧಿಗೆ ಹಿಡಿಯಲಿಲ್ಲ.

ಈ ಸಂದರ್ಭದಲ್ಲಿ ನಮ್ಮ ದೇಶದೊಡನೆ ಸಂಬಂಧಪಟ್ಟ ಒಂದು ಪ್ರಕರಣವನ್ನು ಹೇಳಬೇಕು. ಇಂಡಿಯಾ ಸರ್ಕಾರದ ವೈದ್ಯಶಾಖೆಗೆ ಸೇರಿದ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ತರುಣನು 20ನೆಯ ಶತಮಾನದ ಮೊದಲ ದಶಕದಲ್ಲಿ ಕಾಶ್ಮೀರದಾಚೆಯ ಗಿಲ್ಗಿಟ್ಟಿನಲ್ಲಿದ್ದನು. ಅಲ್ಲಿ ಒಂದೇ ಕಾಲುವೆಯ ನೀರನ್ನು ಒಂದರ ಕೆಳಗೊಂದಿದ್ದ ಹಲವು ಹಳ್ಳಿಗಳವರು ಕುಡಿಯುತ್ತಿದ್ದರು. ಕಾಲುವೆಯ ತಲೆಯಲ್ಲಿದ್ದ ಹಳ್ಳಿಯಲ್ಲಿ ಗಳಗಂಡವು ಕಡಿಮೆ. ಕೆಳಗಿಳಿದಂತೆಲ್ಲಾ, ನೀರು ಕೊಳೆತಂತೆಲ್ಲಾ, ರೋಗಿಗಳ ಸಂಖ್ಯೆಯು ಹೆಚ್ಚು. ಅವನು ಆ ನೀರನ್ನು ಸೋಸಿ, ಉಳಿದ ಕಲ್ಮಷವನ್ನು ತಾನೇ ಸೇವಿಸಿದನು. ಒಪ್ಪಿ ಮುಂದೆಬಂದ ಕೆಲವರಿಗೂ ಕೊಟ್ಟನು. ಹಲವರ ಕುತ್ತಿಗೆಯಲ್ಲಿ ಬಾವು ಕಾಣಿಸಿತು. ಕಲ್ಮಷವನ್ನು ಕುದಿಸಿ ಕೊಟ್ಟವರಲ್ಲಿ ಕಾಣಿಸಲಿಲ್ಲ. ಇದಕ್ಕಿಂತ ಬೇರೆ ಸಾಕ್ಷ್ಯವೇನು ಬೇಕು? ಗಳಗಂಡಕ್ಕೆ ನೀರಿನ ಕ್ರಿಮಿಯೇ ಮೂಲವೆಂದು ಅವನು ನಿರ್ಣಯಿಸಿದನು.

ಸ್ವಂತ ಶರೀರವನ್ನೇ ಪ್ರಯೋಗಕ್ಕೊಡ್ಡಿದ ಈ ವಿದ್ವಾಂಸನ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಅವನ ಅವಲೋಕನವೂ ಸುಳ್ಳಲ್ಲ. ಅಯೋಡಿನ್ ಈಗಾಗಲೇ ಕಡಿಮೆಯಾಗಿರುವ ನಾಡಿನಲ್ಲಿ ಕೆಟ್ಟ ನೀರು ಮೊದಲಾದುವು ಅದರ ಕೊರತೆಯನ್ನು ಇನ್ನೂ ತೀವ್ರಗೊಳಿಸಬಲ್ಲವೆಂದು ಈಚಿನ ತಿಳಿವಳಿಕೆ. ಆದರೆ ಹೊತ್ತಿಕೊಂಡ ಸೌದೆಯನ್ನು ಬಿಟ್ಟು ಅದನ್ನು ಊದಿದ ಗಾಳಿಯನ್ನೇ ಬೆಂಕಿಯೆಂದು ಭಾವಿಸಿದಂತಾಯಿತು. ಇದೇ ಮ್ಯಾಕ್‌ಕ್ಯಾರಿಸನ್ನನು ಮುಂದೆ ನೀಲಗಿರಿಯ ಕೂನೂರಿನಲ್ಲಿ ಆಹಾರಸಂಶೋಧನೆಯನ್ನು ಆರಂಭಿಸಿ, ಆಹಾರದ ಕೊರತೆಗಳಿಂದಲೇ ಹುಟ್ಟುವ ವ್ಯಾಧಿಗಳನ್ನು ಕುರಿತು ಜಗತ್ತಿಗೆ ಬೋಧಿಸಿದನೆಂಬುದನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ಅಲ್ಲಿ 1918ರಲ್ಲಿ ಒಂದು ಕೋಣೆಯಲ್ಲಿ ಮೊದಲಾದ ಸಂಸ್ಥೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.

ಇತ್ತ ಪ್ರಯೋಗಶಾಲೆಗಳಲ್ಲಿ ಸತ್ಯವು ಬೇರೊಂದು ಬಾಗಿಲಿನಿಂದ ಒಳಹೊಕ್ಕಿತು. ಬರ್ನ್ ನಗರದ ಶಸ್ತ್ರವೈದ್ಯನಾದ ಥಿಯೋಡೋರ್ ಕೋಖರನು ಗಳಗಂಡದ ಗ್ರಂಥಿಯನ್ನು ಕುಶಲತೆಯಿಂದ ಕತ್ತರಿಸಿ ತೆಗೆಯುವುದರಲ್ಲಿ ಅದ್ವಿತೀಯನೆನಿಸಿದ್ದನು. ಆದರೆ ಗ್ರಂಥಿಯನ್ನು ಪೂರ್ಣವಾಗಿ ತೆಗೆಸಿಕೊಂಡವರು ಕ್ರಮೇಣ ಕ್ರೆಟಿನರಂತೆಯೇ ಮಂಕಾಗುತ್ತಿದ್ದುದನ್ನು ಅವನು 1883ರಲ್ಲಿ ವರದಿಮಾಡಿದನು. ಗ್ರಂಥಿಯಿಲ್ಲದೆ ಬುದ್ಧಿಯೂ ಬೆಳವಣಿಗೆಯೂ ಇಲ್ಲವೆಂಬುದು ಇದರಿಂದ ಸಿದ್ಧವಾಯಿತು. 1895ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಬೌಮಾನನು ಆ ಗ್ರಂಥಿಯೊಳಗೆ ಅಯೋಡಿನ್ ಇರುವುದನ್ನು ಕಂಡುಹಿಡಿದನು. 1914ರ ಡಿಸೆಂಬರ್ 25ರಂದು ಅಮೇರಿಕದ ಕೆಂಡಾಲನು ಗ್ರಂಥಿಯ ರಸವಾದ ಥೈರಾಕ್ಸಿನನ್ನು ಹರಳಾಗಿ ಬೇರ್ಪಡಿಸಿದನು. ಸುಟ್ಟ ಸ್ಪಂಜಿನ ಗುಟ್ಟು ಹೀಗೆ ಪೂರ್ತಿಯಾಗಿ ಬಿಚ್ಚಿಕೊಂಡಿತು.

ಉಳಿದುದು ಒಂದೇ ಪ್ರಶ್ನೆ: ಎಷ್ಟು ಕೊಡಬೇಕು? ಅಮೇರಿಕದ ಡೇವಿಡ್ ಮೆರೀನ್ ಮತ್ತು ಅವನ ಶಿಷ್ಯನಾದ ಕಿಂಬಾಲ್ ಎಂಬುವರು 1917ರಲ್ಲಿ ಒಹಾಯೋ ಸಂಸ್ಥಾನದ ಅಕ್ರಾನ್ ನಗರದ ಶಾಲಾಬಾಲಕಿಯರಲ್ಲಿ ಇದನ್ನು ಶೋಧಿಸಿದರು. ಇಷ್ಟಪಟ್ಟ ಬಾಲಕಿಯರಿಗೆ ವರ್ಷಕ್ಕೆರಡು ಬಾರಿ, ಒಂದೊಂದು ಬಾರಿಯೂ ಹತ್ತು ದಿನಗಳಲ್ಲಿ ಹಂಚಿ, 2 ಗ್ರಾಮ್ ಸೋಡಿಯಮ್ ಅಯೋಡೈಡನ್ನು ಕೊಟ್ಟರು. ಫಲಿತಾಂಶವು ಹೀಗಿದ್ದಿತು: ಮೊದಲು ಬಾವಿಲ್ಲದೆ ಔಷಧವನ್ನು ತೆಗೆದುಕೊಂಡ 2,190 ಮಂದಿಯಲ್ಲಿ ಕೇವಲ 5 ಮಂದಿಗೆ ಗ್ರಂಥಿಯು ದೊಡ್ಡದಾಯಿತು, ತೆಗೆದುಕೊಳ್ಳದ 2,305 ಮಂದಿಯಲ್ಲಿ 495 ಮಂದಿಗೆ ದೊಡ್ಡದಾಯಿತು. ತರ್ಕದಿಂದ ನೂರು ವರ್ಷ ಇತ್ಯರ್ಥವಾಗದಿದ್ದ ವ್ಯಾಜ್ಯವನ್ನು ಈ ನಾಲ್ಕು ಅಂಕೆಗಳು ತೀರ್ಮಾನಿಸಿಬಿಟ್ಟುವು.

ಆದರೆ ಗುಳಿಗೆಯು ಶಾಲೆಯ ಮಕ್ಕಳನ್ನು ಮುಟ್ಟೀತು. ಶಾಲೆಗೆ ಬಾರದ ಮಗುವನ್ನೂ, ಬೆಟ್ಟದ ಮೇಲಿನ ಗುಡಿಸಿಲಿನಲ್ಲಿ ಬಸುರಿಯಾಗಿರುವ ಹೆಂಗಸನ್ನೂ ಮುಟ್ಟುವುದು ಹೇಗೆ? ಇದಕ್ಕೆ ಉತ್ತರವನ್ನು ಕೊಟ್ಟವರು ಸ್ವಿಟ್ಜರ್ಲೆಂಡಿನ ಮೂವರು ಹಳ್ಳಿಗಾಡಿನ ವೈದ್ಯರು. ಮೊದಲನೆಯವನಾದ ಹುನ್ತ್ಸಿಕರನು 1914ರಲ್ಲಿ, ಗಳಗಂಡವೆಂಬುದು ಅಯೋಡಿನಿನ ಕೊರತೆಗೆ ಗ್ರಂಥಿಯು ಮಾಡಿಕೊಳ್ಳುವ ಹೊಂದಾಣಿಕೆಯೆಂದೂ, ಅದನ್ನು ತಡೆಯಲು ಅತ್ಯಲ್ಪ ಪ್ರಮಾಣವು ಸಾಕೆಂದೂ ಪ್ರತಿಪಾದಿಸಿದನು. ಹಿಂದಿನವರು ಅಯೋಡಿನನ್ನು ಔಷಧವೆಂದು ಭಾವಿಸಿ ಔಷಧದ ಪ್ರಮಾಣದಲ್ಲಿ ಕೊಟ್ಟಿದ್ದರು. ಇವನು ಅದನ್ನು ಆಹಾರವೆಂದು ಕಂಡು ಆಹಾರದ ಪ್ರಮಾಣವನ್ನು ಲೆಕ್ಕಹಾಕಿದನು. ಎಲ್ಲ ಅನರ್ಥಕ್ಕೂ ಮೂಲವಾಗಿದ್ದ ದೋಷವು ಈ ಒಂದು ದೃಷ್ಟಿಭೇದದಿಂದ ಪರಿಹಾರವಾಯಿತು.

ಎರಡನೆಯವನು ವಾಲೆ ಪ್ರಾಂತ್ಯದ ಓಟ್ಟೋ ಬಯಾರ್ಡ್. ನೂರು ವರ್ಷಗಳ ಹಿಂದೆ ನೆಪೋಲಿಯನ್ನನ ಕಾಲದವರು ಎಣಿಕೆಮಾಡಿದ ಪ್ರಾಂತ್ಯವೇ ಇದು. ಅವನು 1918ರಲ್ಲಿ ಗ್ರೇಖನ್ ಎಂಬ ಬೆಟ್ಟದ ಹಳ್ಳಿಯನ್ನು ಆರಿಸಿಕೊಂಡು, ಉಪ್ಪಿಗೆ ಅಯೋಡಿನಿನ ಲವಣವನ್ನು ತಾನೇ ಗುದ್ದಲಿಯಿಂದ ಕಲಸಿ, ಹೇಸರಗತ್ತೆಯ ಮೇಲೆ ಹೇರಿಸಿ ಕಳುಹಿಸಿದನು. ಒಂದು ಕಿಲೋಗ್ರಾಮ್ ಉಪ್ಪಿಗೆ ಅವನು ಸೇರಿಸಿದುದು ಕೆಲವೇ ಮಿಲಿಗ್ರಾಮ್. ಮೊದಲು ಐದು ಕುಟುಂಬಗಳು ಆ ಉಪ್ಪಿನಿಂದ ಅಡಿಗೆಮಾಡಿಕೊಂಡುವು. ತಮ್ಮ ದನಗಳಿಗೂ ಅದನ್ನೇ ತಿನ್ನಿಸಿದುವು. ಐದು ತಿಂಗಳು ಕಳೆಯುವಷ್ಟರಲ್ಲಿ ಅವರ ಕುತ್ತಿಗೆಯ ಬಾವು ಇಳಿಯುತ್ತಬಂದಿತು. ಯಾರಿಗೂ ಎದೆಯ ಬಡಿತವಿಲ್ಲ, ನಡುಕವಿಲ್ಲ. ಮುಂದೆ ಊರಿಗೆ ಊರೇ ಆ ಉಪ್ಪನ್ನು ತಿಂದಿತು.

ಮೂರನೆಯವನು ಹೆರಿಸೌ ಪಟ್ಟಣದ ಶಸ್ತ್ರವೈದ್ಯ ಹಾನ್ಸ್ ಎಗ್ಗೆನ್‌ಬೆರ್ಗರ್. ಇವನು ವಿಜ್ಞಾನಿಗಳ ಒಪ್ಪಿಗೆಗಾಗಿ ಕಾಯದೆ ನೇರವಾಗಿ ಪ್ರಜೆಗಳ ಬಳಿಗೆ ಹೋದನು. ಊರೂರಿನಲ್ಲಿ ಭಾಷಣಮಾಡಿ, ಸಹಿಗಳನ್ನು ಸಂಗ್ರಹಿಸಿ, ತನ್ನ ಪ್ರಾಂತ್ಯದ ಸರ್ಕಾರಕ್ಕೆ ಅರ್ಜಿಯನ್ನು ಹಾಕಿಸಿದನು. 1922ರ ಫೆಬ್ರವರಿಯಲ್ಲಿ ಅಪ್ಪೆನ್‌ತ್ಸೆಲ್ ಔಸರ್‌ರೋಡೆನ್ ಎಂಬ ಆ ಪುಟ್ಟ ಪ್ರಾಂತ್ಯವು ಅಯೋಡಿನ್ ಉಪ್ಪಿನ ಮಾರಾಟಕ್ಕೆ ಅನುಮತಿಯಿತ್ತಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಗಳಗಂಡ ಸಮಿತಿಯು ಇದನ್ನು ಇಡೀ ದೇಶಕ್ಕೆ ಶಿಫಾರಸುಮಾಡಿತು. ಅಲ್ಲಿ ಉಪ್ಪಿನ ವ್ಯಾಪಾರವು ಪ್ರಾಂತ್ಯ ಸರ್ಕಾರಗಳ ಕೈಯಲ್ಲಿದ್ದುದರಿಂದ ವ್ಯವಸ್ಥೆಯು ಸುಲಭವಾಯಿತು. ಬೇಡವೆನ್ನುವವರಿಗೆ ಸಾದಾ ಉಪ್ಪು ದೊರೆಯುತ್ತಲೇ ಇದ್ದಿತು. 1930ರ ಈಚೆಗೆ ಆ ದೇಶದಲ್ಲಿ ಹೊಸದಾಗಿ ಕ್ರೆಟಿನ್ ಶಿಶುಗಳು ಹುಟ್ಟುವುದೇ ನಿಂತಿತೆಂದು ವೈದ್ಯರು ಹೇಳುತ್ತಾರೆ. ಅಮೇರಿಕದ ಮಿಷಿಗನ್ ಸಂಸ್ಥಾನದಲ್ಲಿ 1924ರ ಮೇ ತಿಂಗಳಲ್ಲಿ ಅಯೋಡಿನ್ ಉಪ್ಪು ಅಂಗಡಿಗೆ ಬಂದಿತು.

ನಮ್ಮ ದೇಶದ ವಿಷಯಕ್ಕೆ ಬರೋಣ. ಹಿಮಾಲಯದ ತಪ್ಪಲಿನ ಉದ್ದಕ್ಕೂ ಗಳಗಂಡವು ಹಬ್ಬಿದ್ದಿತು. 1956ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ, ಈಗ ಹಿಮಾಚಲ ಪ್ರದೇಶಕ್ಕೆ ಸೇರಿರುವ ಕಾಂಗ್ರಾ ಕಣಿವೆಯಲ್ಲಿ ಸುಮಾರು ಒಂದು ಲಕ್ಷ ಜನರನ್ನೊಳಗೊಂಡ ಪ್ರದೇಶವನ್ನು ಮೂರು ಭಾಗಗಳಾಗಿ ವಿಂಗಡಿಸಿದರು. ಎರಡು ಭಾಗಗಳಿಗೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಮೊದಲಿಗೆ ಮೂರರಲ್ಲಿಯೂ ನೂರಕ್ಕೆ ಸುಮಾರು 38 ಮಂದಿಗೆ ಗಳಗಂಡವಿದ್ದಿತು. ಆರು ವರ್ಷಗಳ ಮೇಲೆ ನೋಡಿದಾಗ ಅಯೋಡಿನ್ ಪಡೆದ ಎರಡು ಭಾಗಗಳಲ್ಲಿ ಅದು ಅರ್ಧದಷ್ಟಕ್ಕೆ ಇಳಿದಿದ್ದಿತು. ಸಾದಾ ಉಪ್ಪಿನ ಭಾಗದಲ್ಲಿ ಇದ್ದಂತೆಯೇ ಇದ್ದಿತು. ಆಮೇಲೆ ಆ ಭಾಗಕ್ಕೂ ಅಯೋಡಿನ್ ಉಪ್ಪನ್ನು ಕೊಡಲಾಗಿ ಅಲ್ಲಿಯೂ ಬಾವು ಇಳಿಯಿತು. ಈ ಪ್ರಯೋಗದ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಪ್ರಾರಂಭವಾಯಿತು. ವ್ಯಾಧಿಯು ಹಿಮಾಲಯಕ್ಕೆ ಮಾತ್ರ ಮೀಸಲಲ್ಲವೆಂದು ಕ್ರಮೇಣ ತಿಳಿದುಬಂದುದರಿಂದ, ಎಲ್ಲ ಅಡಿಗೆ ಉಪ್ಪಿಗೂ ಅಯೋಡಿನ್ ಸೇರಿಸಬೇಕೆಂದು 1984ರಲ್ಲಿ ನಿಶ್ಚಯಿಸಲಾಯಿತು. ಬಾವಿಗಿಂತಲೂ ಮಕ್ಕಳ ಬುದ್ಧಿಗೆ ತಗಲುವ ಹಾನಿಯೇ ಮುಖ್ಯವೆಂದು ಮನಗಂಡು, 1992ರಲ್ಲಿ ಕಾರ್ಯಕ್ರಮದ ಹೆಸರಿನಲ್ಲಿಯೇ ಗಳಗಂಡವೆಂಬ ಮಾತನ್ನು ತೆಗೆದು ‘ಅಯೋಡಿನ್ ಕೊರತೆಯ ಅನಾರೋಗ್ಯಗಳು’ ಎಂದು ಬದಲಾಯಿಸಿದರು.

ವಿರೋಧವೂ ಇಲ್ಲದಿರಲಿಲ್ಲ. ಉಪ್ಪಿಗಾಗಿ 1930ರಲ್ಲಿ ಸತ್ಯಾಗ್ರಹ ಹೂಡಿದ ದೇಶದಲ್ಲಿ, ಯಾವ ಉಪ್ಪನ್ನು ತಿನ್ನಬೇಕೆಂದು ಸರ್ಕಾರವು ವಿಧಿಸಬಹುದೇ ಎಂಬ ಪ್ರಶ್ನೆಯು ಏಳುವುದು ಸಹಜವೇ ಸರಿ. ಸಣ್ಣ ಉಪ್ಪಿನ ತಯಾರಕರ ಕಷ್ಟವನ್ನೂ ಜನರ ಸ್ವಾತಂತ್ರ್ಯವನ್ನೂ ಮುಂದಿಟ್ಟು ಹಲವರು ವಾದಿಸಿದರು. ಸಾದಾ ಉಪ್ಪಿನ ಮಾರಾಟದ ಮೇಲಿದ್ದ ನಿಷೇಧವನ್ನು 2000ದಲ್ಲಿ ಕೇಂದ್ರಸರ್ಕಾರವು ತೆಗೆದುಹಾಕಿತು. 2006ರ ಮೇ ತಿಂಗಳಿನಿಂದ ಮತ್ತೆ ಜಾರಿಗೆ ತಂದಿತು. ವಾದಿಗಳ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಗರ್ಭದಲ್ಲಿರುವ ಮಗುವಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಅದರ ಪರವಾಗಿ ಯಾರಾದರೂ ಆರಿಸಲೇಬೇಕು ಎಂಬುದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು ತೂಗಬೇಕಾಗುತ್ತದೆ.

ಕನ್ನಡನಾಡಿಗೂ ಈ ವಿಷಯವು ದೂರವಲ್ಲ. ಬಿರುಮಳೆಯಿಂದ ತೊಳೆದುಹೋದ ಮಲೆನಾಡಿನ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳು ಗಳಗಂಡವು ನೆಲಸಿರುವ ಜಿಲ್ಲೆಗಳೆಂದು ಸಮೀಕ್ಷೆಗಳಲ್ಲಿ ಗೊತ್ತಾಗಿವೆ. ಕಡಲತೀರದ ಉಪ್ಪಿನಲ್ಲಿ ಅಯೋಡಿನ್ ಹೇಗೂ ಇರುತ್ತದೆಂದು ಅನೇಕರ ನಂಬಿಕೆ. ಲೆಕ್ಕಹಾಕಿ ನೋಡೋಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 35 ಗ್ರಾಮ್. ಅಯೋಡಿನ್ ಸುಮಾರು 60 ಮೈಕ್ರೋಗ್ರಾಮ್. ಅಷ್ಟು ಅಯೋಡಿನೂ ಉಪ್ಪಿನಲ್ಲಿಯೇ ನಿಂತರೂ ಒಂದು ಕಿಲೋಗ್ರಾಮ್ ಉಪ್ಪಿಗೆ 2 ಮಿಲಿಗ್ರಾಮ್ ತುಂಬದು. ವಾಸ್ತವವಾಗಿ ಅದರ ಹೆಚ್ಚು ಭಾಗವು ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿನೀರಿನಲ್ಲಿಯೇ ಉಳಿದುಬಿಡುತ್ತದೆ. ನಮ್ಮ ದೇಶದ ನಿಯಮದಂತೆ ಅಯೋಡಿನ್ ಉಪ್ಪು ತಯಾರಾಗುವ ಸ್ಥಳದಲ್ಲಿ ಕಿಲೋಗ್ರಾಮಿಗೆ 30 ಮಿಲಿಗ್ರಾಮ್, ಮನೆಯನ್ನು ಸೇರುವಾಗ 15 ಮಿಲಿಗ್ರಾಮ್ ಇರಬೇಕು. ಆದುದರಿಂದ ಗೋಕರ್ಣದ ಸಾಣಿಕಟ್ಟೆಯಂಥ ಗದ್ದೆಗಳ ಉಪ್ಪಿಗೂ ಅಯೋಡಿನನ್ನು ಹೊರಗಿನಿಂದ ಸೇರಿಸದೆ ಗತ್ಯಂತರವಿಲ್ಲ.

ಗೃಹಿಣಿಯರಿಗೆ ಎರಡು ಮಾತು ಹೇಳಬಹುದು. ಅಯೋಡಿನ್ ಉಪ್ಪನ್ನು ತೇವವೂ ಬಿಸಿಲೂ ತಗಲದಂತೆ ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ಸಾಧ್ಯವಾದಲ್ಲಿ ಅಡಿಗೆಯನ್ನು ಇಳಿಸುವ ಸಮಯಕ್ಕೆ ಹಾಕಬೇಕು. ಗರ್ಭಿಣಿಯರಿಗೂ ಎದೆಹಾಲೂಡಿಸುವ ತಾಯಂದಿರಿಗೂ ದಿನಕ್ಕೆ 250 ಮೈಕ್ರೋಗ್ರಾಮ್ ಬೇಕೆಂದು ವಿಶ್ವ ಆರೋಗ್ಯಸಂಸ್ಥೆಯು ಹೇಳುತ್ತದೆ. ಆದರೆ ಇದಕ್ಕಾಗಿ ಉಪ್ಪನ್ನೇ ಹೆಚ್ಚಾಗಿ ತಿನ್ನಬೇಕೆಂದು ಯಾರೂ ಭಾವಿಸಬಾರದು. ರಕ್ತದ ಒತ್ತಡದ ದೃಷ್ಟಿಯಿಂದ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ಅದೇ ಸಂಸ್ಥೆಯ ಸಲಹೆ. ಉಪ್ಪು ಕಡಿಮೆಯಾದ ದೇಶದಲ್ಲಿ ಅದಕ್ಕೆ ಸೇರಿಸುವ ಅಯೋಡಿನನ್ನು ತಕ್ಕಷ್ಟು ಹೆಚ್ಚಿಸುವುದು ಸರ್ಕಾರದ ಕೆಲಸ. ಹಾಲು, ಮೊಟ್ಟೆ, ಮೀನು ಮುಂತಾದುವುಗಳಿಂದಲೂ ಅದು ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಖನಿಜಗಳ ವಿಷಯದಲ್ಲಿ ಕೊರತೆಯಂತೆಯೇ ಅತಿಯೂ ಕೆಡುಕೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾದುದಿಲ್ಲ. ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದುದರಿಂದ ಹಲ್ಲುಗಳು ಕಂದಿ ಎಲುಬುಗಳು ಬಿಗಿದ ಜನರನ್ನು ಕಂಡವರಿಗೆ ಇದು ತಿಳಿದೇ ಇದೆ.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ನೂರು ವರ್ಷಗಳು ಕಳೆದುಹೋದುದು ಔಷಧವು ಇಲ್ಲದೆ ಅಲ್ಲ. ಅದರ ಅಳತೆಯು ತಿಳಿಯದೆ, ಅದನ್ನು ಎಲ್ಲರ ಮನೆಗೂ ಹೊತ್ತೊಯ್ಯುವ ವಾಹನವು ದೊರೆಯದೆ ಕಳೆದುಹೋದುವು. ಅಳತೆಯನ್ನು ಹುನ್ತ್ಸಿಕರನು ಲೆಕ್ಕಹಾಕಿದನು. ವಾಹನವನ್ನು ಬಯಾರ್ಡನು ಉಪ್ಪಿನಲ್ಲಿ ಕಂಡನು. ಅದನ್ನು ಜನರು ತಾವಾಗಿ ಕೇಳಿ ಪಡೆಯುವಂತೆ ಎಗ್ಗೆನ್‌ಬೆರ್ಗರನು ಮಾಡಿದನು. ಶ್ರೀಮಂತನ ಊಟದಲ್ಲಿ ಹಾಲುಂಟು, ತುಪ್ಪವುಂಟು, ಹಣ್ಣುಂಟು. ಬಡವನ ಊಟದಲ್ಲಿ ಇವು ಯಾವುವೂ ಇಲ್ಲದಿರಬಹುದು. ಆದರೆ ಅಂಬಲಿಗಾದರೂ ಒಂದು ಹರಳು ಉಪ್ಪು ಬಿದ್ದೇ ಬೀಳುತ್ತದೆ. ಆ ಹರಳನ್ನೇರಿ ಮಕ್ಕಳ ಬುದ್ಧಿಯ ರಕ್ಷಣೆಯು ಮನೆಮನೆಗೆ ಬಂದಿದೆ. ಅದನ್ನು ಕಳುಹಿಸಿಕೊಟ್ಟವರಲ್ಲಿ ಪೆಟ್ಲುಪ್ಪಿನ ಬಡ ತಯಾರಕನಿಂದ ಹಿಡಿದು ಕಾಂಗ್ರಾದ ವೈದ್ಯರವರೆಗೆ ಅನೇಕರಿದ್ದಾರೆ. ಅವರ ಹೆಸರುಗಳನ್ನು ಉಣ್ಣುವವರು ಬಲ್ಲವರಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕೆಂಬ ಗಾದೆಯನ್ನಾದರೋ ಎಲ್ಲರೂ ಬಲ್ಲರು.